ಕಂಪನಿ ಮನೆ ಕೊಚ್ಚಿಹೋದರೆ ಪರಿಹಾರ ಯಾರಿಗೆ?

ಮಳೆಗೆ ಮನೆ ಬಿದ್ದವರು ತಾಲ್ಲೂಕು ಕಚೇರಿಗೆ ಹೋದರೆ ಗುಮಾಸ್ತರು ಮೊದಲು ಕೇಳುವುದು ಪಹಣಿ, ಹಕ್ಕುಪತ್ರ, ಏನೂ ಇಲ್ಲದಿದ್ದರೆ ಮನೆ ಕಂದಾಯದ ರಸೀದಿ. ಎಸ್ಟೇಟಿನ ಲೈನ್‌ಮನೆಯಲ್ಲಿ ಇದ್ದವರ ಬಳಿ ಇವು ಯಾವುವೂ ಇರುವುದಿಲ್ಲ. ರೇಷನ್ ಕಾರ್ಡ್ ಇದೆ, ವೋಟರ್ ಕಾರ್ಡ್ ಇದೆ, ಎರಡರಲ್ಲೂ ವಿಳಾಸದ ಜಾಗದಲ್ಲಿ ತೋಟದ ಹೆಸರಿದೆ. ಅಜ್ಜಿ ಅದೇ ಕೋಣೆಯಲ್ಲಿ ಹೆತ್ತಿರಬಹುದು, ಮೊಮ್ಮಗಳು ಅಲ್ಲೇ ಹುಟ್ಟಿರಬಹುದು. ಆದರೂ ಕಾಗದದ ಪ್ರಕಾರ ಆ ಮನೆ ಕಂಪನಿಯದು, ಮಣ್ಣೂ ಕಂಪನಿಯದು. ಅದು ಕೊಚ್ಚಿಹೋದ ದಿನ ಆ ಕುಟುಂಬ ಏನನ್ನು ಕಳೆದುಕೊಂಡಿತು ಎಂದು ಸರ್ಕಾರಿ ನಮೂನೆಯಲ್ಲಿ ಬರೆಯಲು ಕಾಲಂ ಇಲ್ಲ.

2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದು ಬಂದ ಮೇಲೆ ನಡೆದದ್ದನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಇಲ್ಲದ ಕಾಲಂನಿಂದಲೇ ಶುರುಮಾಡಬೇಕು. ಕೇಂದ್ರ ಕೊಡಲಿಲ್ಲ, ರಾಜ್ಯ ಮಾಡಲಿಲ್ಲ, ಪಕ್ಷಗಳು ಕಿತ್ತಾಡಿದವು ಎಂಬ ಸುದ್ದಿಗಳನ್ನು ಓದಿರುತ್ತೀರಿ. ಅವುಗಳಲ್ಲಿ ನಿಜವೂ ಇದೆ. ಆದರೆ ಜಗಳ ಎದ್ದದ್ದು ಎಲ್ಲೆಲ್ಲಿ ಎಂದು ನೋಡಿದರೆ ಒಂದು ವಿಷಯ ಕಾಣುತ್ತದೆ. ಜೀವ ಉಳಿಸುವ ಕೆಲಸದಲ್ಲಿ ಎಲ್ಲರೂ ಕೈ ಜೋಡಿಸಿದರು. ಜಮೀನು ಮತ್ತು ಸಾಲದ ಮಾತು ಬಂದಾಗ ಕೈಗಳು ಹಿಂದೆ ಸರಿದವು.

ಪಾಡಿ ಎಂದರೇನು

ನಮ್ಮ ಕೊಡಗು, ಚಿಕ್ಕಮಗಳೂರಿನಲ್ಲಿ ಲೈನ್‌ಮನೆ ಎನ್ನುವುದನ್ನು ವಯನಾಡಿನ ಚಹಾ ತೋಟಗಳಲ್ಲಿ ಪಾಡಿ ಎನ್ನುತ್ತಾರೆ, ಮುನ್ನಾರಿನ ಕಡೆ ಲಯ. ಉದ್ದಕ್ಕೆ ಒಂದೇ ಸೂರು, ಅದರ ಕೆಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹಾಕಿತು. ಕೇಳಲು ಚೆನ್ನಾಗಿದೆ. ಮಾಲೀಕನೇ ಮನೆ ಕೊಡುವಾಗ ಸರ್ಕಾರ ಏಕೆ ನಿವೇಶನ ಕೊಡಬೇಕು ಎಂಬ ಮಾತೂ ಅದರ ಬೆನ್ನಿಗೇ ಬಂತು. ಹೀಗೆ ಮೂರು ನಾಲ್ಕು ತಲೆಮಾರು ಒಂದೇ ಗುಡ್ಡದಲ್ಲಿ ಚಿಗುರು ಕಿತ್ತ ಕುಟುಂಬಗಳು ಒಂದು ಸೆಂಟು ನೆಲವೂ ಇಲ್ಲದೆ ಉಳಿದವು. ಕೆಲಸ ಇರುವ ತನಕ ಮನೆ. ನಿವೃತ್ತಿಯಾದರೆ ಮಗಳೋ ಸೊಸೆಯೋ ಅದೇ ತೋಟದಲ್ಲಿ ಹೆಸರು ಬರೆಸಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಅದೇ ಕಾಯ್ದೆಗೆ ಆಮೇಲೆ ಸೇರಿದ ಒಂದು ಕಲಮನ್ನು ಇಲ್ಲಿ ಹೇಳಲೇಬೇಕು. ಕಂಪನಿ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ, ಮಾಲೀಕ ಪರಿಹಾರ ಕೊಡಬೇಕು ಎನ್ನುತ್ತದೆ 16ಎ ಕಲಂ. ಕುಸಿತಕ್ಕೆ ಮನೆಯಲ್ಲಿದ್ದವರ ತಪ್ಪು ಅಥವಾ ಪ್ರಕೃತಿ ವಿಕೋಪವೇ ನೇರ ಕಾರಣವಾಗಿದ್ದರೆ ಮಾತ್ರ ಈ ಹೊಣೆ ಇಲ್ಲ. ಅಂದರೆ ಬಿಸಿಲಲ್ಲಿ ಗೋಡೆ ಬಿದ್ದರೆ ಕಂಪನಿಯನ್ನು ಕೇಳಬಹುದು, ಗುಡ್ಡವೇ ಬಂದು ಇಡೀ ಸಾಲನ್ನು ನುಂಗಿದರೆ ಕೇಳುವ ಹಾಗಿಲ್ಲ. ಆ ಸಾಲನ್ನು ಅಷ್ಟು ಕಡಿದಾದ ಜಾಗದ ಬುಡದಲ್ಲಿ, ಹಳ್ಳದ ಪಕ್ಕದಲ್ಲಿ ಯಾರು ಕಟ್ಟಿಸಿದರು ಎಂಬ ಪ್ರಶ್ನೆ ಆ ಕಲಮಿನಲ್ಲಿ ಇಲ್ಲ.

ಇದು ಪುಸ್ತಕದ ಮಾತಲ್ಲ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಹತ್ತಿರದ ಪೆಟ್ಟಿಮುಡಿಯಲ್ಲಿ ನಾಲ್ಕು ಸಾಲು ಲಯಗಳು ಮಣ್ಣಿನಡಿ ಹೋದವು, ಸತ್ತವರು 70 ಮಂದಿ. ವಿದ್ಯುತ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಸುದ್ದಿ ಹೊರಗೆ ಬಂದದ್ದು ಬೆಳಗಾದ ಮೇಲೆ. ಮರುದಿನವೇ ಕೋಯಿಕ್ಕೋಡ್ ವಿಮಾನ ನಿಲ್ದಾಣದಲ್ಲಿ ವಿಮಾನ ಜಾರಿ ಬಿತ್ತು. ಅಲ್ಲಿ ಸತ್ತವರಿಗೆ ರಾಜ್ಯ ಸರ್ಕಾರ ಘೋಷಿಸಿದ್ದು 10 ಲಕ್ಷ, ಪೆಟ್ಟಿಮುಡಿಯವರಿಗೆ 5 ಲಕ್ಷ. ಆ ವ್ಯತ್ಯಾಸ ತೋಟದ ಜನರಿಗೆ ಇನ್ನೂ ಮರೆತಿಲ್ಲ. ಕೊನೆಗೆ ಕುಟ್ಟಿಯಾರ್ ಕಣಿವೆಯಲ್ಲಿ ಸರ್ಕಾರ ಜಾಗ ಕೊಟ್ಟು, ತೋಟದ ಕಂಪನಿ ಕಟ್ಟಿಸಿ ಹಂಚಿದ ಮನೆಗಳ ಸಂಖ್ಯೆ ಎಂಟು.

ಅದಕ್ಕೂ ಒಂದು ವರ್ಷ ಮುಂಚೆ, 2019ರ ಆಗಸ್ಟ್ 8ರಂದು, ಮೇಪ್ಪಾಡಿಯ ಪುತ್ತುಮಲೆಯಲ್ಲಿ ಗುಡ್ಡ ಜರಿದು 17 ಮಂದಿ ಹೋದರು. ಚೂರಲ್‌ಮಲೆ ಅಲ್ಲಿಂದ ದೂರವೇನಲ್ಲ.

ಮೊದಲ ವಾರ: ಸೇತುವೆ

ಮುಂಡಕ್ಕೈಗೆ ಹೋಗುವ ಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಬದುಕಿದ್ದವರು, ಹೂತವರು, ಕಾಣೆಯಾದವರು. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಬೆಂಗಳೂರಿನಲ್ಲಿ ಕೇಂದ್ರ ಇರುವ ನಮ್ಮ ಎಂಇಜಿ, 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಮುಗಿಸಿತು. 24 ಟನ್ ಭಾರ ತಡೆಯುವ ಸೇತುವೆ, ಅದರ ಮೇಲೆ ಜೆಸಿಬಿಗಳು ದಾಟಿದವು. ಆ ತಂಡದಲ್ಲಿದ್ದ ಮೇಜರ್ ಸೀತಾ ಶೆಲ್ಕೆ ಅವರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು.

ಅದೇ ದಿನ ಕಲ್ಪೆಟ್ಟದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸರ್ವಪಕ್ಷ ಸಭೆ ನಡೆಸಿದರು. ರಾಹುಲ್ ಗಾಂಧಿ, ಪ್ರಿಯಾಂಕಾ ಗಾಂಧಿ ಬಂದರು. ಆಗಸ್ಟ್ 10ರಂದು ಪ್ರಧಾನಿ ಬಂದರು. ಕರ್ನಾಟಕ ಸರ್ಕಾರ ಸಚಿವ ಸಂತೋಷ್ ಲಾಡ್ ಅವರನ್ನು ಕಳಿಸಿತು. ಅದು ಬರೀ ಸೌಜನ್ಯದ ಮಾತಲ್ಲ, ಚಾಮರಾಜನಗರ, ಮಂಡ್ಯ, ಮೈಸೂರು ಕಡೆಯಿಂದ ಹೋಗಿ ಆ ತೋಟಗಳಲ್ಲಿ ದುಡಿಯುತ್ತಿದ್ದ ಕನ್ನಡಿಗರೂ ಸತ್ತವರಲ್ಲಿದ್ದರು. ಹೆಣಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ನಿಲಂಬೂರಿನ ಕಡೆ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ತೋಟದ ಜಾಗದಲ್ಲೇ ಹೂತರು. ಕಲ್ಲಿನ ಮೇಲೆ ಹೆಸರಿನ ಬದಲು ಸಂಖ್ಯೆ, ಎಲ್ಲ ಧರ್ಮದವರ ಪ್ರಾರ್ಥನೆ ಒಟ್ಟಿಗೆ. ಕಾಣೆಯಾಗಿದ್ದ 32 ಮಂದಿಯನ್ನು ಸರ್ಕಾರ 2025ರ ಜನವರಿಯಲ್ಲಿ ಸತ್ತವರೆಂದು ಘೋಷಿಸಿದ ಮೇಲೆ ಒಟ್ಟು ಲೆಕ್ಕ 298 ಆಯಿತು.

ಆ ವಾರವೂ ಪೂರ್ತಿ ತಣ್ಣಗಿರಲಿಲ್ಲ. ಮುನ್ನೆಚ್ಚರಿಕೆ ಕೊಟ್ಟಿದ್ದೆವು ಎಂದು ಕೇಂದ್ರ ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು, ಅಂಥ ಎಚ್ಚರಿಕೆ ಬಂದಿರಲಿಲ್ಲ ಎಂದು ಪಿಣರಾಯಿ ಹೇಳಿದರು. ಆದರೂ ಹುಡುಕುವ ಕೆಲಸ ನಿಲ್ಲಲಿಲ್ಲ.

ದುಡ್ಡಿನ ಲೆಕ್ಕ

ವಿಪತ್ತಿನ ಹಣ ಎರಡು ಕೊಡದಿಂದ ಬರುತ್ತದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇರಳದಂಥ ರಾಜ್ಯದಲ್ಲಿ ಕೇಂದ್ರದ ಪಾಲು 75, ರಾಜ್ಯದ್ದು 25. ಅದು ಸಾಲದಿದ್ದರೆ ರಾಷ್ಟ್ರೀಯ ನಿಧಿ. 2024-25ಕ್ಕೆ ಕೇರಳದ ನಿಧಿಗೆ ಗೊತ್ತುಮಾಡಿದ್ದು 388 ಕೋಟಿ, ಅದರಲ್ಲಿ ಕೇಂದ್ರದ್ದು 291.20 ಕೋಟಿ. ಹಿಂದಿನ ವರ್ಷದಿಂದ ಉಳಿದು ಬಂದದ್ದು 394.99 ಕೋಟಿ. ನಿಮ್ಮ ಕೊಡದಲ್ಲೇ ನೀರಿದೆಯಲ್ಲ ಎಂದಿತು ಕೇಂದ್ರ. ಆ ನೀರು ಇಡೀ ರಾಜ್ಯದ ವರ್ಷವಿಡೀ ಮಳೆ ಬಿಸಿಲಿಗೆ, ವಯನಾಡಿಗೊಂದಕ್ಕೇ ಅಲ್ಲ ಎಂದಿತು ಕೇರಳ. ನವೆಂಬರಿನಲ್ಲಿ ರಾಷ್ಟ್ರೀಯ ನಿಧಿಯಿಂದ 153.47 ಕೋಟಿ ಮಂಜೂರಾಯಿತು. ಆದರೆ ರಾಜ್ಯ ನಿಧಿಯಲ್ಲಿ ಉಳಿದಿರುವ ಹಣದ ಅರ್ಧವನ್ನು ಅದರಲ್ಲಿ ಕಳೆಯಬೇಕು ಎಂಬ ಷರತ್ತು ಜೊತೆಗಿತ್ತು. ಕೈಗೆ ಎಷ್ಟು ಬಂತು ಎನ್ನುವುದಕ್ಕೆ ಆಮೇಲೆ ಕೇರಳ ಹೈಕೋರ್ಟಿನಲ್ಲಿ ಲೆಕ್ಕ ಕೂಡಿಸಿ ಕಳೆಯಬೇಕಾಯಿತು.

ಇನ್ನು ಆಗಿನ ದರಪಟ್ಟಿ. ಪ್ರಾಣಹಾನಿಗೆ 4 ಲಕ್ಷ. ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ 1.30 ಲಕ್ಷ. ಭೂಕುಸಿತದಲ್ಲಿ ಹೊಲವೇ ಹೋದ ಸಣ್ಣ ರೈತನಿಗೆ ಹೆಕ್ಟೇರಿಗೆ 47,000 ರೂಪಾಯಿ, ಅದೂ ಕಂದಾಯ ದಾಖಲೆಯಲ್ಲಿ ಅವನ ಹೆಸರಿದ್ದರೆ. ತೋಟದಲ್ಲಿ ಕೂಲಿ ಮಾಡುತ್ತಿದ್ದವಳನ್ನು ಈ ಪಟ್ಟಿಯಲ್ಲಿಟ್ಟು ನೋಡಿ. ಸತ್ತರೆ ಪಟ್ಟಿಯಲ್ಲಿ ಇದ್ದಾಳೆ. ಬದುಕಿದರೆ, ಮನೆ ಅವಳದಲ್ಲ, ನೆಲ ಅವಳದಲ್ಲ, ಹೋದದ್ದು ಪಾತ್ರೆ, ಬಟ್ಟೆ ಮತ್ತು ಕೆಲಸ. ಕೇರಳ ಸರ್ಕಾರ ಇಲ್ಲಿ ದರಪಟ್ಟಿಯನ್ನು ಮೀರಿತು ಎಂಬುದನ್ನು ಒಪ್ಪಬೇಕು. ಬಾಡಿಗೆಗೆ ತಿಂಗಳಿಗೆ 6,000 ಕೊಟ್ಟಿತು. ಮನೆ ಕೊಡುವ ಮೊದಲ ಪಟ್ಟಿಯಲ್ಲೇ, ಬೇರೆಲ್ಲೂ ಸ್ವಂತ ಮನೆ ಇಲ್ಲದಿದ್ದರೆ ಪಾಡಿಯವರನ್ನೂ ಬಾಡಿಗೆದಾರರನ್ನೂ ಸೇರಿಸಿತು. ತೋಟದ ಜನಕ್ಕೆ ಸಿಕ್ಕ ದೊಡ್ಡ ಗೆಲುವು ಅದೇ ಎಂದು ನನಗನ್ನಿಸುತ್ತದೆ. ಟಿವಿಯಲ್ಲಿ ಅದರ ಬಗ್ಗೆ ಹೆಚ್ಚು ಮಾತೇ ಬರಲಿಲ್ಲ.

ಟಿವಿಯಲ್ಲಿ ಬಂದದ್ದು ‘ರಾಷ್ಟ್ರೀಯ ವಿಪತ್ತು’ ಎಂಬ ಎರಡು ಪದ. ಸಿಪಿಎಂ ನೇತೃತ್ವದ ಎಡರಂಗ, ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಎರಡೂ ಅದನ್ನೇ ಕೇಳಿದವು. ನಿಯಮಗಳಲ್ಲಿ ಅಂಥ ಘೋಷಣೆಗೆ ಅವಕಾಶವೇ ಇಲ್ಲ ಎಂದು ಕೇಂದ್ರ ನವೆಂಬರಿನಲ್ಲಿ ಪತ್ರ ಬರೆಯಿತು, ಅದು ತಾಂತ್ರಿಕವಾಗಿ ಸರಿಯೇ. ಇರುವ ವರ್ಗ ‘ತೀವ್ರ ಸ್ವರೂಪದ ವಿಪತ್ತು’, ಅದನ್ನು ಡಿಸೆಂಬರಿನಲ್ಲಿ ಒಪ್ಪಿತು. ನಡುವೆ ಅಕ್ಟೋಬರ್ 14ರಂದು ಕೇರಳ ವಿಧಾನಸಭೆ ನೆರವಿಗಾಗಿ ಒಮ್ಮತದ ನಿರ್ಣಯ ಮಾಡಿತ್ತು. ಅದೇ ವಿಷಯಕ್ಕೆ ನವೆಂಬರ್ 19ರಂದು ಎರಡೂ ರಂಗಗಳು ವಯನಾಡಿನಲ್ಲಿ ಬೇರೆ ಬೇರೆಯಾಗಿ ಹರತಾಳಕ್ಕೆ ಕರೆ ಕೊಟ್ಟವು. ಬೇಡಿಕೆ ಒಂದೇ, ದಿನವೂ ಒಂದೇ, ಬಾವುಟ ಮಾತ್ರ ಎರಡು.

ವಿಪತ್ತಿನ ಹೆಸರು ಯಾವುದಾದರೇನು ಎಂದು ಕೇಳಬಹುದು. ಹೆಸರಿನ ಹಿಂದೆ ಸಾಲದ ವಿಷಯ ಇತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಕಲಂ, ತೀವ್ರ ಪ್ರಮಾಣದ ವಿಪತ್ತಿನಲ್ಲಿ ಸಾಲ ಮರುಪಾವತಿಗೆ ವಿನಾಯಿತಿ ಶಿಫಾರಸು ಮಾಡುವ ಅಧಿಕಾರವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟಿತ್ತು. ಹೈಕೋರ್ಟ್ ಅದರ ಮೇಲೇ ಕೇಂದ್ರವನ್ನು ಪ್ರಶ್ನಿಸುತ್ತಿತ್ತು. 2025ರ ತಿದ್ದುಪಡಿ ಕಾಯ್ದೆಯಲ್ಲಿ ಆ ಕಲಮನ್ನೇ ತೆಗೆದುಹಾಕಿದರು. ಬ್ಯಾಂಕುಗಳಿಗೆ ಹೇಳುವ ಅಧಿಕಾರ ನಮಗಿಲ್ಲ ಎಂದು ಕೇಂದ್ರ ಹೇಳಿದ್ದು ಆಮೇಲೆ. ರಾಜ್ಯದ ಸಹಕಾರಿ ವಲಯದ ಕೇರಳ ಬ್ಯಾಂಕ್ ಮಾತ್ರ ಮೊದಲ ತಿಂಗಳಲ್ಲೇ ತನ್ನ ಚೂರಲ್‌ಮಲೆ ಶಾಖೆಯ ಸಂತ್ರಸ್ತರ ಸಾಲ ಮನ್ನಾ ಮಾಡಿತ್ತು.

ಇನ್ನೊಂದು ಬಿಲ್ಲಿನ ಕಥೆಯೂ ಇದೆ. 2006ರಿಂದ ವಯನಾಡಿನವರೆಗೆ ವಾಯುಪಡೆ ಮಾಡಿದ ರಕ್ಷಣಾ ಹಾರಾಟಗಳ ಬಾಕಿ 132.62 ಕೋಟಿ ಕೊಡಿ ಎಂದು ಕೇಂದ್ರ 2024ರ ಕೊನೆಯಲ್ಲಿ ಕೇರಳಕ್ಕೆ ಪತ್ರ ಕಳಿಸಿತು. ಇಂಥ ಬಿಲ್ಲು ಎಲ್ಲ ರಾಜ್ಯಗಳಿಗೂ ಹೋಗುತ್ತದೆ, ನಿಯಮ ಹಾಗೆಯೇ ಇದೆ. ಹಳೆಯ ಬಾಕಿಯನ್ನೆಲ್ಲ ಈಗಲೇ ಏಕೆ ಕೇಳಿದಿರಿ ಎಂದು ಹೈಕೋರ್ಟ್ ಕೇಳಿತು.

2025ರ ಫೆಬ್ರವರಿಯಲ್ಲಿ ಬಂದ 529.50 ಕೋಟಿ ಅನುದಾನವಲ್ಲ, 50 ವರ್ಷದ ಬಡ್ಡಿಯಿಲ್ಲದ ಸಾಲ. 16 ಕಾಮಗಾರಿಗಳಿಗೆ, ಮಾರ್ಚ್ 31ರೊಳಗೆ ಖರ್ಚು ಮಾಡಬೇಕು ಎಂಬ ಷರತ್ತಿನೊಂದಿಗೆ ಬಂತು. ಒಂದೂವರೆ ತಿಂಗಳಲ್ಲಿ ಟೆಂಡರೇ ಮುಗಿಯುವುದಿಲ್ಲ, ಗಡುವನ್ನು ಆಮೇಲೆ ಮುಂದೂಡಿದರು. ಪುನರ್ನಿರ್ಮಾಣಕ್ಕೆಂದು ಕೇರಳ ಕೇಳಿದ್ದು 2,200 ಕೋಟಿ ಚಿಲ್ಲರೆ. 2025ರ ಅಕ್ಟೋಬರಿನಲ್ಲಿ ಆ ಬಾಬ್ತಿಗೆ ಕೇಂದ್ರ ಒಪ್ಪಿದ್ದು 260.56 ಕೋಟಿ.

ಮನೆ ಕಟ್ಟಲು ನೆಲ ಎಲ್ಲಿ

ವಯನಾಡಿನಲ್ಲಿ ಅರಣ್ಯ ಬಿಟ್ಟರೆ, ಸಣ್ಣ ಹಿಡುವಳಿ ಬಿಟ್ಟರೆ, ಒಟ್ಟಾಗಿ ನೂರಾರು ಎಕರೆ ಇರುವುದು ತೋಟದ ಕಂಪನಿಗಳ ಬಳಿ. ನೂರಾರು ಕುಟುಂಬಕ್ಕೆ ಒಂದೇ ಕಡೆ ಊರು ಕಟ್ಟಬೇಕೆಂದರೆ ತೋಟವನ್ನೇ ಪಡೆಯಬೇಕು. ಸರ್ಕಾರ ಗುರುತಿಸಿದ್ದು ಎರಡು: ಕಲ್ಪೆಟ್ಟದ ಎಲ್‌ಸ್ಟೋನ್ ಮತ್ತು ಹ್ಯಾರಿಸನ್ಸ್ ಮಲಯಾಳಂ ಕಂಪನಿಯ ನೆಡುಂಬಾಲ.

ಸಿಕ್ಕು ಇಲ್ಲಿದೆ. ಬ್ರಿಟಿಷರ ಕಾಲದ ಕಂಪನಿಗಳಿಂದ ಬಂದ ಈ ತೋಟಗಳ ಹಕ್ಕು ಸ್ವಾತಂತ್ರ್ಯದ ನಂತರ ಸರ್ಕಾರಕ್ಕೆ ಬರಬೇಕಿತ್ತು, ಈಗಿನ ಕಂಪನಿಗಳ ಕಾಗದ ಗಟ್ಟಿಯಿಲ್ಲ ಎಂಬುದು ಕೇರಳ ಸರ್ಕಾರದ ವಾದ, ಅದಕ್ಕೆ ಸಿವಿಲ್ ದಾವೆಗಳನ್ನೂ ಹೂಡಿದೆ. ಈಗ ದುಡ್ಡು ಕೊಟ್ಟು ಭೂಮಿ ಕೊಂಡರೆ ‘ನಿಮ್ಮದೇ’ ಎಂದು ಒಪ್ಪಿದಂತೆ. ಕೊಡದೆ ಕಿತ್ತುಕೊಂಡರೆ ಕೋರ್ಟ್ ಬಿಡುವುದಿಲ್ಲ. ವಿಪತ್ತು ಕಾಯ್ದೆಯಡಿ ವಶಕ್ಕೆ ಪಡೆಯುತ್ತೇವೆ ಎಂದು ಸರ್ಕಾರ ಆದೇಶ ಹೊರಡಿಸಿತು, ಮಾಲೀಕರು ಹೈಕೋರ್ಟಿಗೆ ಹೋದರು. 2024ರ ಡಿಸೆಂಬರ್ 27ರ ತೀರ್ಪು ನಡುದಾರಿ ಹಿಡಿಯಿತು. ಭೂಮಿ ಪಡೆಯಿರಿ, 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಡಿ, ದಾವೆಯಲ್ಲಿ ಸೋತರೆ ಹಣ ಹಿಂದಿರುಗಿಸುತ್ತೇವೆಂದು ಕಂಪನಿಗಳು ಬಾಂಡ್ ಬರೆದುಕೊಡಲಿ ಎಂದಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗದಂತೆ ನೋಡಿದ ತೀರ್ಪು ಎನ್ನಬಹುದು.

ಕಡೆಗೆ ಪಡೆದದ್ದು ಎಲ್‌ಸ್ಟೋನಿನ ಸುಮಾರು 64 ಹೆಕ್ಟೇರು. ಸರ್ಕಾರ ಮೊದಲು ಠೇವಣಿಯಿಟ್ಟದ್ದು 26 ಕೋಟಿ, ಹೈಕೋರ್ಟ್ ಇನ್ನೂ 17 ಕೋಟಿ ಸೇರಿಸಲು ಹೇಳಿತು. ಕಂಪನಿ ಕೇಳಿದ್ದು 549 ಕೋಟಿ. 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾಯಿತು, ಕೆಲಸ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘದ ಪಾಲಿಗೆ. ಕುಟುಂಬಕ್ಕೆ 7 ಸೆಂಟು, ಅಂದರೆ ನಮ್ಮ 60-40 ಸೈಟಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ 1,000 ಚದರ ಅಡಿಯ ಮನೆ, ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವಷ್ಟು ಗಟ್ಟಿ ಅಡಿಪಾಯ. 12 ವರ್ಷ ಮಾರುವಂತಿಲ್ಲ. ಅಲ್ಲಿಗೆ ಬರಲು ಇಷ್ಟವಿಲ್ಲದವರಿಗೆ 15 ಲಕ್ಷ.

ಯಾರೂ ಎಣಿಸದ ಇನ್ನೊಂದು ತಕರಾರೂ ಎದ್ದಿತು. ಎಲ್‌ಸ್ಟೋನಿನಲ್ಲೂ ಕಾರ್ಮಿಕರಿದ್ದಾರೆ, ಅವರಿಗೂ ಪಾಡಿಗಳಿವೆ. ಬಾಕಿ ಸಂಬಳ, ಪಿಎಫ್, ಗ್ರಾಚ್ಯುಟಿ ಕೊಡದೆ ತೋಟ ಬಿಟ್ಟುಕೊಟ್ಟರೆ ನಾವೆಲ್ಲಿಗೆ ಹೋಗಬೇಕು ಎಂದು ಅವರು ಪ್ರತಿಭಟನೆಗೆ ಕುಳಿತರು. ಒಂದು ತೋಟದ ಮನೆ ಕಳೆದುಕೊಂಡವರಿಗೆ ಸೂರು ಕಟ್ಟುವ ಜಾಗದಲ್ಲಿ ಇನ್ನೊಂದು ತೋಟದವರು ದುಡಿದ ಹಣಕ್ಕೆ ಕಾಯುತ್ತಿದ್ದರು. ಅವರನ್ನು ಅಡ್ಡಗಾಲು ಹಾಕುವವರು ಎಂದವರೂ ಇದ್ದರು. ನನಗೆ ಹಾಗೆ ಅನ್ನಿಸಲಿಲ್ಲ.

ನೂರು ಮನೆಗಳ ಮಾತು

ಸಿದ್ದರಾಮಯ್ಯನವರು 2024ರ ಆಗಸ್ಟ್ 3ರಂದು ಕರ್ನಾಟಕದ ಪರವಾಗಿ 100 ಮನೆ ಕಟ್ಟಿಸಿಕೊಡುತ್ತೇವೆ ಎಂದರು. ರಾಹುಲ್ ಗಾಂಧಿ ಕಾಂಗ್ರೆಸ್ ಪರವಾಗಿ 100 ಎಂದರು. ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐ, ಮುಸ್ಲಿಂ ಲೀಗ್, ಸಂಘ ಸಂಸ್ಥೆಗಳು ಎಲ್ಲರೂ ಮನೆಗಳನ್ನು ಹೇಳಿದರು. ಆದರೆ ಮನೆ ಕಟ್ಟುವುದು ಎಲ್ಲಿ? ಡಿಸೆಂಬರಿನಲ್ಲಿ ಸಿದ್ದರಾಮಯ್ಯನವರು, ನಮ್ಮ 100 ಮನೆಗಳ ಬಗ್ಗೆ ನಿಮ್ಮಿಂದ ಉತ್ತರವೇ ಬಂದಿಲ್ಲ, ಬೇಕಾದರೆ ಜಾಗವನ್ನೂ ನಾವೇ ಕೊಳ್ಳುತ್ತೇವೆ ಎಂದು ಪಿಣರಾಯಿಯವರಿಗೆ ಪತ್ರ ಬರೆದರು. ಯೋಜನೆಯ ಚೌಕಟ್ಟು ಸಿದ್ಧವಾಗುತ್ತಿದೆ ಎಂಬ ಉತ್ತರ ಬಂತು. ಇಲ್ಲಿ ಅದನ್ನು ಅಹಂಕಾರದ ಜಗಳವೆಂದು ಓದಿದವರೇ ಹೆಚ್ಚು. ತಡ ಆಗಿದ್ದು ಹೌದು, ಆದರೆ ಆ ದಿನಗಳಲ್ಲಿ ಭೂಮಿ ಇನ್ನೂ ಕೋರ್ಟಿನಲ್ಲಿತ್ತು. ಆಮೇಲೆ ಕೇರಳ ಪ್ರಾಯೋಜಕರಿಗೆ ಒಂದು ಮನೆಗೆ 20 ಲಕ್ಷ ಎಂದು ದರ ಕಟ್ಟಿ, ನೀವು ದುಡ್ಡು ಕೊಡಿ, ಒಂದೇ ನಕ್ಷೆಯಲ್ಲಿ ನಾವು ಕಟ್ಟುತ್ತೇವೆ ಎಂದಿತು.

ಡಿವೈಎಫ್‌ಐ ಆ ದಾರಿಗೆ ಬಂತು. ಮುಸ್ಲಿಂ ಲೀಗ್ ಬರಲಿಲ್ಲ, ಮೇಪ್ಪಾಡಿಯ ತೃಕ್ಕೈಪೆಟ್ಟದಲ್ಲಿ ತಾನೇ ಜಾಗ ಕೊಂಡು 105 ಮನೆಗಳಿಗೆ 2025ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಹಾಕಿತು. ಅಲ್ಲೂ ಅದೇ ಭೂತ ಎದ್ದು ಬಂತು. ಕೇರಳದ 1963ರ ಭೂಸುಧಾರಣಾ ಕಾಯ್ದೆ ತೋಟಗಳಿಗೆ ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯಿಂದ ವಿನಾಯಿತಿ ಕೊಟ್ಟಿದ್ದು ತೋಟವಾಗಿ ಉಳಿದರೆ ಮಾತ್ರ. ಮನೆ ಕಟ್ಟಿದರೆ ವಿನಾಯಿತಿ ಹೋಗುತ್ತದೆ. ಇದು ತೋಟದ ಭೂಮಿ ಎಂದು ಕಂದಾಯ ಇಲಾಖೆ ನೋಟಿಸು ಕೊಟ್ಟಿತು, ರಾಜಕೀಯ ದ್ವೇಷ ಎಂದಿತು ಲೀಗ್. ತೋಟಗಳನ್ನು ತುಂಡು ಮಾಡಿ ರಿಸಾರ್ಟ್ ಆಗದಂತೆ ತಡೆಯುತ್ತಿರುವುದೂ ಇದೇ ಕಾನೂನು ಎಂಬುದನ್ನು ನೆನಪಿಟ್ಟುಕೊಂಡು ಈ ಜಗಳವನ್ನು ನೋಡಬೇಕು.

ಕೊಡಗಿನವರಿಗೆ ಇದರ ಅರ್ಧ ಪರಿಚಿತ. 2018ರ ಮಳೆಯ ನಂತರ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸರ್ಕಾರ ಮನೆ ಕಟ್ಟಿತು, ಇನ್ಫೊಸಿಸ್ ಪ್ರತಿಷ್ಠಾನವೂ ಕೈಜೋಡಿಸಿತು. ಅದಕ್ಕೂ ಮುಂಚೆ, 2016ರ ಡಿಸೆಂಬರಿನಲ್ಲಿ, ದಿಡ್ಡಳ್ಳಿಯ ಹಾಡಿಯಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳಲ್ಲಿ ಬಹುಪಾಲು ಕಾಫಿ ತೋಟದ ಲೈನ್‌ಮನೆಗಳಿಂದ ಹೊರಬಂದವರೇ. ಗುಡ್ಡ ಜರಿಯದೆಯೂ ಅವರಿಗೆ ಮನೆ ಇರಲಿಲ್ಲ.

ಸಮುದ್ರದಾಚೆ ಶ್ರೀಲಂಕಾದ ಮಲೆನಾಡಿನಲ್ಲೂ ಇದೇ ಕಥೆ. 2014ರ ಅಕ್ಟೋಬರ್ 29ರಂದು ಮೀರಿಯಬೆದ್ದ ತೋಟದ ಲೈನ್‌ಮನೆಗಳು ಮಣ್ಣಡಿಯಾದವು. 2025ರ ನವೆಂಬರಿನ ದಿತ್ವಾ ಚಂಡಮಾರುತದಲ್ಲಿ ಬದುಳ್ಳ, ನುವರ ಎಲಿಯ, ಕ್ಯಾಂಡಿಗಳ ಗುಡ್ಡಗಳು ಮತ್ತೆ ಜರಿದವು. ಅಲ್ಲಿನ ತೋಟದ ತಮಿಳರಿಗೆ ಭಾರತದ ನೆರವಿನಲ್ಲಿ ಮೊದಲು 4,000, ಆಮೇಲೆ 10,000 ಮನೆಗಳ ಯೋಜನೆ ಬಂದಿದೆ, ಮೊದಲಿನವು ತಲಾ 7 ಪರ್ಚ್ ಜಾಗದಲ್ಲಿ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಸೆಂಟಿಗೆ ತುಸು ಕಡಿಮೆ. ಅಲ್ಲೂ ನಡೆದಿರುವ ಚೌಕಾಸಿ ತೋಟದಿಂದ ಜಾಗ ಬಿಡಿಸುವುದರದ್ದೇ.

2025ರ ನವೆಂಬರ್ 21ರಿಂದ ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ಇಲ್ಲ. ಅದು ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯೊಳಗೆ ಸೇರಿಹೋಗಿದೆ. ಮನೆಯ ಹೊಣೆ ಅಲ್ಲೂ ಮಾಲೀಕನದೇ. ಆದರೆ ಅದನ್ನು ಸ್ವಂತ ಖರ್ಚಿನಲ್ಲಿ ಕೊಡಬಹುದು, ಇಲ್ಲವೇ ಕೇಂದ್ರ, ರಾಜ್ಯ, ಪಂಚಾಯಿತಿಗಳ ಯೋಜನೆಗಳ ಮೂಲಕವೂ ಕೊಡಿಸಬಹುದು ಎಂಬ ಮಾತು ಹೊಸದಾಗಿ ಸೇರಿದೆ. ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ಮನೆ ಎಂದರೆ ಹಕ್ಕುಪತ್ರ ಕಾರ್ಮಿಕನ ಹೆಸರಿಗೆ ಬರಬಹುದು. ಆ ಯೋಜನೆಯ ಮನೆ ತೋಟದೊಳಗೇ, ಕಂಪನಿಯ ನೆಲದಲ್ಲೇ ಎದ್ದರೆ ಬಾರದೆಯೂ ಇರಬಹುದು. ರಾಜ್ಯಗಳು ನಿಯಮ ಬರೆಯುವಾಗ ನೋಡಬೇಕಾದ ಸಾಲು ಅದು. ಮುಂದಿನ ಮಳೆಗಾಲಕ್ಕೂ ಗುಡ್ಡದ ಬುಡದಲ್ಲೇ ಇರುವ ಪಾಡಿ, ಲಯ, ಲೈನ್‌ಮನೆಗಳ ಜನಕ್ಕೆ ತಾಲ್ಲೂಕು ಕಚೇರಿಯ ಗುಮಾಸ್ತರು ಯಾವ ಕಾಗದ ಕೇಳುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.